ಫ್ಲೈಓವರ್ ಅಂಚಿಗೆ ನಾಯ್ಸ್ ಬ್ಯಾರಿಯರ್ ನಿಲ್ಸೋದು ಅಷ್ಟು ಸುಲಭ ಯಾಕಲ್ಲ? ಗಾಳಿ, ಸಜ್ಜಾ ಮತ್ತು ಕಾರ್ಬನ್ ಪಟ್ಟಿ

ಫ್ಲೈಓವರ್ ಪಕ್ಕದಲ್ಲಿ ಮನೆ ಇರೋರಿಗೆ ಈ ಕಷ್ಟ ಬಿಡಿಸಿ ಹೇಳೋದೇ ಬೇಡ. ಎರಡನೇ ಮಹಡಿ ಕಿಟಕಿ ನೇರಕ್ಕೇ ರಸ್ತೆ, ರಾತ್ರಿ ಲಾರಿ ಓಡಾಟ ಶುರುವಾದ್ಮೇಲೆ ಹಾರ್ನ್ ಬೇರೆ, ಟೈರ್ ಸದ್ದು ಬೇರೆ, ಜಾಯಿಂಟ್ ಮೇಲೆ ಒಂದೊಂದು ಆಕ್ಸಲ್ ಹಾದಾಗ್ಲೂ ಧಡಕ್ ಧಡಕ್. ಆಗ ಎಲ್ರ ಬಾಯಲ್ಲೂ ಬರೋ ಮಾತು ಒಂದೇ, "ಅಂಚಿಗೆ ಒಂದಷ್ಟು ಎತ್ತರಕ್ಕೆ ಶೀಟ್ ನಿಲ್ಸಿಬಿಟ್ರೆ ಆಯ್ತಪ್ಪ, ಇದಕ್ಕೆ ಎಷ್ಟು ವರ್ಷ ಬೇಕು?"

ಪ್ರಶ್ನೆ ನ್ಯಾಯವಾಗೇ ಇದೆ. ಆದ್ರೆ ಎಂಜಿನಿಯರುಗಳು ಈ ಶೀಟ್, ಅಂದ್ರೆ ಸದ್ದು ತಡೆಯೋ ನಾಯ್ಸ್ ಬ್ಯಾರಿಯರ್ ವಿಷಯಕ್ಕೆ ಬಂದ್ರೆ ತಲೆ ಕೆರ್ಕೊಳ್ಳೋದಕ್ಕೂ ಕಾರಣ ಇದೆ, ಆ ಕಾರಣ ನಾವು ಅಂದ್ಕೊಂಡಿರೋ ಶೀಟಿನ ಭಾರ ಅಲ್ಲ. ಅದೇನು, ಅದಕ್ಕೆ ಮದ್ದು ಅಂತ ಹಳೇ ಸೇತುವೆಗೆ ಕಾರ್ಬನ್ ಪಟ್ಟಿ ಅಂಟಿಸ್ತಾರಲ್ಲ ಅದು ಹೇಗೆ ಕೆಲ್ಸ ಮಾಡುತ್ತೆ, ಬುಡದಿಂದ ನೋಡೋಣ.

ಮೊದ್ಲು ಸದ್ದಿನ ಲೆಕ್ಕ

ನಮ್ಮ ದೇಶದಲ್ಲಿ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ ಇದೆ. ಅದರ ಪ್ರಕಾರ ಜನವಸತಿ ಜಾಗದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ ಅಂದ್ರೆ 10 ಗಂಟೆಯಿಂದ ಬೆಳಿಗ್ಗೆ 6ರ ತನಕ. ಆಸ್ಪತ್ರೆ, ಸ್ಕೂಲು ಇರೋ ನಿಶ್ಶಬ್ದ ವಲಯಕ್ಕೆ ಇನ್ನೂ ಐದೈದು ಕಮ್ಮಿ.

ಡೆಸಿಬಲ್ ಅನ್ನೋದು ನಮ್ಮ ಕಿರಾಣಿ ಅಂಗಡಿ ಲೆಕ್ಕ ಅಲ್ಲ. 80 ಡೆಸಿಬಲ್ಲಿನ ಒಂದು ಲಾರಿ ಪಕ್ಕಕ್ಕೆ ಅಂಥದ್ದೇ ಇನ್ನೊಂದು ಬಂದ್ರೆ 160 ಆಗಲ್ಲ, 83 ಆಗುತ್ತೆ ಅಷ್ಟೆ. ತಿರುಗಿಸಿ ಹೇಳಿದ್ರೆ ರಸ್ತೆ ಮೇಲಿನ ಗಾಡಿ ಅರ್ಧಕ್ಕರ್ಧ ಕಮ್ಮಿ ಮಾಡಿದ್ರೂ ಇಳಿಯೋದು ಬರೀ 3. ಕಿವಿಗೆ "ಸದ್ದು ಅರ್ಧ ಆಯ್ತು" ಅನ್ನಿಸ್ಬೇಕಾದ್ರೆ 10 ಡೆಸಿಬಲ್ ಹತ್ರ ಇಳೀಬೇಕು.

ಗೋಡೆ ಇದನ್ನ ಮಾಡೋದು ಹೇಗೆ ಅಂದ್ರೆ, ಸದ್ದಿನ ನೇರ ದಾರಿಗೆ ಅಡ್ಡ ನಿಂತು. ನಿಮ್ಮ ಕಿಟಕಿಯಿಂದ ಗಾಡಿ ಕಾಣಿಸ್ತಿದ್ರೆ ಸದ್ದು ನೇರವಾಗಿ ಬರ್ತಿದೆ ಅಂತ ಅರ್ಥ. ಕಾಣದಷ್ಟು ಎತ್ತರಕ್ಕೆ ಗೋಡೆ ಬಂದ್ರೆ ಸುಮಾರು 5 ಡೆಸಿಬಲ್ ಇಳಿಯುತ್ತೆ, ಅದರ ಮೇಲೆ ಒಂದೊಂದು ಮೀಟರ್ ಏರಿಸಿದ್ರೆ ಹತ್ತಿರ ಹತ್ತಿರ ಒಂದೂವರೆ ಡೆಸಿಬಲ್. ಪೂರ್ತಿ ನಿಲ್ಲಲ್ಲ, ಯಾಕಂದ್ರೆ ಕಾಂಪೌಂಡ್ ಆಚೆ ನಿಂತು ಮಾತಾಡಿದ್ರೂ ಕೇಳಿಸುತ್ತಲ್ಲ, ಹಾಗೇ ಸದ್ದು ಗೋಡೆ ತಲೆ ಮೇಲಿಂದ ಬಾಗಿ ಈಚೆ ಬರುತ್ತೆ. ಅದಕ್ಕೇ ಹತ್ತನೇ ಮಹಡೀಲಿರೋರಿಗೆ 3 ಮೀಟರ್ ಬ್ಯಾರಿಯರ್ ಇದ್ರೂ ಒಂದೇ ಇಲ್ದಿದ್ರೂ ಒಂದೇ, ಅವ್ರಿಗೆ ರಸ್ತೆ ಮೇಲಿಂದ ಕಾಣ್ತಾನೇ ಇರುತ್ತೆ.

ಇನ್ನೊಂದು ವಿಷಯ, ಸದ್ದು ತಡೆಯೋಕೆ ಗೋಡೆ ತುಂಬಾ ಭಾರ ಇರ್ಲೇಬೇಕು ಅಂತೇನಿಲ್ಲ. ಸಂದಿ ಇಲ್ದೆ ಮುಚ್ಚಿದ್ರೆ ಚದರ ಮೀಟರ್‌ಗೆ 15-20 ಕೆಜಿ ತೂಕದ ಹಲಗೆ ಸಾಕು. ಒಳಗೆ ಹತ್ತಿ ಥರದ ಸದ್ದು ಹೀರೋ ವಸ್ತು ತುಂಬಿದ ಅಲ್ಯೂಮಿನಿಯಂ ಹಲಗೆ, ಆಚೆ ಕಾಣೋ ಅಕ್ರಿಲಿಕ್ ಶೀಟ್ ಎಲ್ಲಾ ಈ ಅಂದಾಜಿನವೇ.

ಭಾರ ಅಲ್ಲ ಸ್ವಾಮಿ, ಗಾಳಿ

ಈಗ 3 ಮೀಟರ್ ಎತ್ತರದ ಅಕ್ರಿಲಿಕ್ ಬ್ಯಾರಿಯರ್ ತಗೊಳ್ಳಿ. ಶೀಟು, ಕಬ್ಬಿಣದ ಕಂಬ ಎಲ್ಲಾ ಸೇರಿ ಸೇತುವೆಯ ಒಂದೊಂದು ಮೀಟರ್ ಉದ್ದಕ್ಕೆ ಸುಮಾರು 100-120 ಕೆಜಿ. ಒಂದೂವರೆ ಆಳಿನ ತೂಕ, ಲಾರಿ ಹೊರೋ ಸೇತುವೆಗೆ ಇದು ಯಾವ ಲೆಕ್ಕ ಅನ್ಸುತ್ತೆ.

ಗಾಳಿಗೆ ಬನ್ನಿ. ಮಳೆಗಾಳೀಲಿ ಛತ್ರಿ ಬಿಚ್ಕೊಂಡು ನಡೆದಿರೋರಿಗೆ ಗೊತ್ತು, ಕಾಲು ಕೆಜಿ ಛತ್ರಿ ಮನುಷ್ಯನ್ನೇ ಎಳ್ಕೊಂಡು ಹೋಗುತ್ತೆ, ಅಲ್ಲಿ ಕೆಲ್ಸ ಮಾಡಿದ್ದು ಛತ್ರಿ ತೂಕ ಅಲ್ಲ. ನಮ್ಮ ಭಾರತೀಯ ಕೋಡ್ (ಕಟ್ಟೋ ಲೆಕ್ಕದ ನಿಯಮ ಪುಸ್ತಕ) ಪ್ರಕಾರ ಬೆಂಗಳೂರಿಗೆ ಲೆಕ್ಕ ಹಿಡಿಯೋ ಮೂಲ ಗಾಳಿ ವೇಗ ಸೆಕೆಂಡಿಗೆ 33 ಮೀಟರ್, ಅಂದ್ರೆ ಗಂಟೆಗೆ ಹೆಚ್ಚುಕಮ್ಮಿ 119 ಕಿಮೀ. ದಿನಾ ಬೀಸಲ್ಲ, ಆದ್ರೆ ಹಲವು ವರ್ಷಕ್ಕೊಮ್ಮೆ ಬೀಸೋ ಅಂಥ ಗಾಳಿಗೂ ನಿಲ್ಬೇಕು. ಆ ಗಾಳಿ ಚದರ ಮೀಟರ್‌ಗೆ 65 ಕೆಜಿ ಅಷ್ಟು ತಳ್ಳುತ್ತೆ, ಚಪ್ಪಟೆ ಗೋಡೆ ಅನ್ನೋದಕ್ಕೆ ಇನ್ನೊಂದಿಷ್ಟು ಸೇರಿ 80 ಕೆಜಿ ಹತ್ರ. 3 ಮೀಟರ್ ಎತ್ತರಕ್ಕೆ ಮೀಟರ್ ಉದ್ದಕ್ಕೆ 240 ಕೆಜಿ ತಳ್ಳಾಟ ಆಯ್ತು. ಮಂಗಳೂರಿಗೆ ಕೋಡ್ ಹೇಳೋ ವೇಗ ಸೆಕೆಂಡಿಗೆ 39 ಮೀಟರ್, ಚೆನ್ನೈಗೆ 50. ಒತ್ತಡ ವೇಗದ ವರ್ಗದ ಥರ ಏರೋದ್ರಿಂದ ಚೆನ್ನೈಲಿ ಇದೇ ಬ್ಯಾರಿಯರ್ ಮೇಲೆ ಬೆಂಗಳೂರಿಗಿಂತ ಎರಡು ಪಟ್ಟಿಗೂ ಜಾಸ್ತಿ ಬೀಳುತ್ತೆ.

ಬರೀ 240 ಕೆಜಿ ಆಗಿದ್ರೆ ಪರವಾಗಿರ್ಲಿಲ್ಲ, ಆದ್ರೆ ಅದು ತಳ್ಳೋದು ಬುಡದಲ್ಲಲ್ಲ, ಸರಾಸರಿ ಒಂದೂವರೆ ಮೀಟರ್ ಮೇಲೆ. ಹಾರೆ ಹಾಕಿ ಬಂಡೆ ಎಬ್ಬಿಸ್ತೀವಲ್ಲ, ಹಾರೆ ಉದ್ದ ಇದ್ದಷ್ಟೂ ಬುಡದಲ್ಲಿ ಬಲ ಜಾಸ್ತಿ, ಇಲ್ಲಿ ಬ್ಯಾರಿಯರ್ರೇ ಹಾರೆ, ಗಾಳಿ ಅದನ್ನ ಹಿಡ್ಕೊಂಡು ಸೇತುವೆ ಅಂಚನ್ನ ಮೀಟ್ತಾ ಇರುತ್ತೆ. ಎತ್ತರ ಎರಡು ಪಟ್ಟು ಮಾಡಿದ್ರೆ ಗಾಳಿ ಹಿಡಿಯೋ ಜಾಗನೂ ಎರಡು ಪಟ್ಟು, ಹಾರೆನೂ ಎರಡು ಪಟ್ಟು, ಹಾಗಾಗಿ ಬುಡದಲ್ಲಿ ಬಾಗಿಸೋ ಬಲ ನಾಲ್ಕು ಪಟ್ಟು. ನಿವಾಸಿಗಳು "ಇನ್ನೊಂದು ಮೀಟರ್ ಎತ್ತರ ಮಾಡಿ ಸಾರ್" ಅಂದಾಗ ಡಿಸೈನ್ ಮಾಡೋರ ಮುಖ ಸಣ್ಣಗಾಗೋದು ಇದಕ್ಕೇ. ಅವ್ರಿಗೆ ಸಿಗೋದು ಒಂದೂವರೆ ಡೆಸಿಬಲ್, ಸೇತುವೆ ಕೊಡ್ಬೇಕಾದ ಬೆಲೆ 3 ಮೀಟರಿಂದ 4ಕ್ಕೆ ಹೋದ್ರೇ ಹತ್ತಿರ ಹತ್ತಿರ 1.8 ಪಟ್ಟು.

ಗೋಡೆ ಶುರುವಾಗೋ ಮತ್ತು ಮುಗಿಯೋ ತುದಿ ಇನ್ನೂ ಕೆಟ್ಟದ್ದು. ಯುರೋಪಿನ ಕೋಡ್‌ನಲ್ಲಿ ಗಾಳಿ ಒತ್ತಡಕ್ಕೆ ಗುಣಿಸೋ ಗುಣಾಂಕ ಉದ್ದ ಗೋಡೆಯ ಮಧ್ಯಭಾಗಕ್ಕೆ 1.2 ಇದ್ದಿದ್ದು ತುದಿಯಲ್ಲಿ 3.4 ತನಕ ಏರುತ್ತೆ, ಗಾಳಿ ಅಲ್ಲಿ ಗೋಡೆನ ಸುತ್ತಿ ಹಾಯೋದ್ರಿಂದ. ಇದರ ಜೊತೆಗೆ ಪಕ್ಕದಲ್ಲೇ ಓಡೋ ಗಾಡಿಗಳ ಗಾಳಿ ಏಟು ಬೇರೆ, ಚಿಕ್ಕದು ಆದ್ರೆ ದಿನಕ್ಕೆ ಸಾವಿರಾರು ಸಲ. ಜರ್ಮನಿಯ ಕೊಲೋನ್-ಫ್ರಾಂಕ್‌ಫರ್ಟ್ ಹೈಸ್ಪೀಡ್ ರೈಲು ಮಾರ್ಗ 2002ರಲ್ಲಿ ಶುರುವಾಯ್ತು, 300 ಕಿಮೀ ವೇಗದಲ್ಲಿ ಹಾಯೋ ರೈಲಿನ ಗಾಳಿ ಏಟಿಗೇ ಅಲ್ಲಿನ ನಾಯ್ಸ್ ಬ್ಯಾರಿಯರ್‌ಗಳು ಬೇಗ ಹಾಳಾಗೋಕೆ ಶುರುವಾದ್ವು. ನಮ್ಮ ರಸ್ತೆ ಲಾರಿ ಆ ಮಟ್ಟಕ್ಕಿಲ್ಲ, ಆದ್ರೂ ಬೋಲ್ಟು ಸಡಿಲ ಆಗೋದಕ್ಕೆ ಅಷ್ಟೇ ಸಾಕು.

ಹೊಸದಾಗಿ ಕಟ್ಟೋವಾಗ ಇದೆಲ್ಲ ತಲೆನೋವಲ್ಲ. ಪೆಂಚ್ ಕಾಡಿನ ಮಧ್ಯೆ ಹೋಗೋ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಪ್ರಾಣಿಗಳಿಗೆ ಸದ್ದು, ಬೆಳಕು ತಟ್ಟಬಾರದು ಅಂತ 4 ಮೀಟರ್ ಎತ್ತರದ ತಡೆಗೋಡೆ ಹಾಕಿದಾರೆ, ರಸ್ತೆ ಕಟ್ಟೋವಾಗ್ಲೇ ಯೋಚನೆ ಮಾಡಿದ್ದು. ಕಷ್ಟ ಇರೋದು ಇಪ್ಪತ್ತು ಮೂವತ್ತು ವರ್ಷದ ಹಿಂದೆ ಬ್ಯಾರಿಯರ್ ಅನ್ನೋ ಕಲ್ಪನೇನೇ ಇಲ್ದೆ ಕಟ್ಟಿದ ಸೇತುವೆಗಳಿಗೆ.

ಸೇತುವೆ ಅಂಚು ಅಂದ್ರೆ ನಮ್ಮ ಮನೆ ಸಜ್ಜಾನೇ

ಡೆಕ್ ಅಂದ್ರೆ ಗಾಡಿ ಓಡಾಡೋ ಕಾಂಕ್ರೀಟ್ ಹಲಗೆ. ಅದರ ಕೆಳಗೆ ಗರ್ಡರ್, ಅಂದ್ರೆ ತೊಲೆ. ಮಧ್ಯದ ಡೆಕ್ಕಿಗೆ ಎರಡೂ ಕಡೆ ತೊಲೆ ಆಧಾರ ಇರುತ್ತೆ, ಆದ್ರೆ ಕೊನೇ ತೊಲೆ ದಾಟಿ ಆಚೆಗೆ ಒಂದೂವರೆ ಎರಡು ಮೀಟರ್ ಚಾಚ್ಕೊಂಡಿರೋ ಭಾಗಕ್ಕೆ ಒಂದೇ ಕಡೆ ಹಿಡಿತ. ನಮ್ಮ ಮನೆ ಕಿಟಕಿ ಮೇಲಿನ ಸಜ್ಜಾ ಥರಾನೇ. ಪಾಪ, ಬ್ಯಾರಿಯರ್ ನಿಲ್ಬೇಕಾಗಿರೋದು ಸರಿಯಾಗಿ ಈ ಸಜ್ಜಾದ ತುದೀಲಿ.

ಮನೆ ಕಟ್ಸಿದೋರಿಗೆ ಒಂದು ಕಥೆ ಗೊತ್ತಿರುತ್ತೆ. ಹೊಸ ಬಾರ್ ಬೆಂಡರ್ ಸಜ್ಜಾಗೆ ಕಂಬಿ ಕಟ್ತಾನೆ, ಸ್ಲ್ಯಾಬಿಗೆ ಕಟ್ಟೋ ಅಭ್ಯಾಸದಲ್ಲಿ ಕೆಳಗಡೆ ಕಟ್ಟಿಬಿಡ್ತಾನೆ, ಕಾಂಕ್ರೀಟ್ ಹಾಕಾಯ್ತು, ಸೆಂಟ್ರಿಂಗ್ ಬಿಚ್ಚಿದ ದಿನ ಸಜ್ಜಾ ಪೂರ್ತಿ ಕೆಳಕ್ಕೆ. ಯಾಕಂದ್ರೆ ಸಜ್ಜಾ ತುದಿ ಕೆಳಗೆ ಜೋಲೋವಾಗ ಮೇಲ್ಗಡೆ ಎಳೆತಕ್ಕೆ ಸಿಗುತ್ತೆ, ಕೆಳಗಡೆ ಅದುಮುತ್ತೆ. ಕಾಂಕ್ರೀಟ್ ಅದುಮಿದ್ರೆ ಬಂಡೆ, ಎಳೆದ್ರೆ ಬಿಸ್ಕೆಟ್ಟು, ಅದಕ್ಕೆ ಎಳೆತ ಇರೋ ಕಡೆ ಕಂಬಿ ಬೇಕು. ಸಜ್ಜಾಗೆ ಅದು ಮೇಲ್ಗಡೆ.

ಈ ಒಂದು ವಿಷಯ ಮನಸಲ್ಲಿಟ್ಕೊಳ್ಳಿ, ಮುಂದಿನ ಫಜೀತಿ ಎಲ್ಲಾ ಇದರಿಂದಾನೇ ಹುಟ್ಟೋದು.

ಗಾಳಿ ರಸ್ತೆ ಕಡೆಯಿಂದ ಹೊರಗೆ ತಳ್ಳಿದಾಗ ಬ್ಯಾರಿಯರ್ ಹೊರಕ್ಕೆ ವಾಲೋಕೆ ನೋಡುತ್ತೆ, ಡೆಕ್ಕಿನ ಅಂಚನ್ನೂ ಕೆಳಕ್ಕೆ ಬಾಗಿಸುತ್ತೆ, ಅಂದ್ರೆ ಮೇಲ್ಗಡೆ ಕಂಬಿಗಳ ಮೇಲೆ ಎಳೆತ ಇನ್ನೂ ಏರುತ್ತೆ. ಆ ಕಂಬಿಗಳು ಈಗಾಗ್ಲೇ ಡೆಕ್ಕಿನ ಸ್ವಂತ ತೂಕ, ಗಾಡಿ ಆಚೆ ಬೀಳದ ಹಾಗೆ ತಡೆಯೋ ಕಾಂಕ್ರೀಟ್ ಕ್ರ್ಯಾಶ್ ಬ್ಯಾರಿಯರ್, ಅಂಚಿಗೆ ಬರೋ ಲಾರಿ ಚಕ್ರ ಎಲ್ಲಾ ಹೊರ್ತಿರುತ್ವೆ. ಹಳೇ ಲೆಕ್ಕದಲ್ಲಿ ಸ್ವಲ್ಪ ಧಾರಾಳವಾಗಿ ಕಂಬಿ ಹಾಕಿದ್ರೆ ಹೊಸ ಭಾರಾನೂ ತಡ್ಕೊಳ್ಳುತ್ತೆ, ಏನೂ ಮಾಡೋದೇ ಬೇಡ. ಬಿಗಿಯಾಗಿ ಲೆಕ್ಕ ಹಾಕಿ ಕಟ್ಟಿದ್ರೆ ಮೇಲ್ಗಡೆ ಕಂಬಿ ಸಾಲಲ್ಲ. ಆದ್ರೆ ಗಟ್ಟಿಯಾದ ಕಾಂಕ್ರೀಟ್ ಒಳಗೆ ಹೊಸ ಕಂಬಿ ತುರುಕೋದು ಹೇಗೆ?

ಕಾಂಪೋಸಿಟ್ ಅಂದ್ರೆ

ಎರಡು ಬೇರೆ ಬೇರೆ ಗುಣದ ವಸ್ತು ಬೆರೆಸಿ ಎರಡರ ಒಳ್ಳೇದನ್ನೂ ಪಡೆಯೋದು, ಅಷ್ಟೆ. ನಮ್ಮ ಹಿರಿಯರು ಮಣ್ಣಿನ ಗೋಡೆಗೆ ಹುಲ್ಲು ಸೇರಿಸಿ ತುಳಿದಿದ್ದೂ ಕಾಂಪೋಸಿಟ್ಟೇ, ಮಣ್ಣು ಆಕಾರ ಹಿಡಿಯುತ್ತೆ, ಹುಲ್ಲು ಬಿರುಕು ಬಿಡದ ಹಾಗೆ ಎಳೆದು ಹಿಡಿಯುತ್ತೆ. ಇಲ್ಲಿ ಹುಲ್ಲಿನ ಜಾಗಕ್ಕೆ ಕಾರ್ಬನ್ ಎಳೆ, ಮಣ್ಣಿನ ಜಾಗಕ್ಕೆ ಎಪಾಕ್ಸಿ ಅನ್ನೋ ಗಟ್ಟಿ ಅಂಟು. ಒಂದೊಂದು ಎಳೆ ನಮ್ಮ ಕೂದಲಿನ ಹತ್ತರಲ್ಲೊಂದು ಭಾಗ ದಪ್ಪ, ಅಂಥ ಲಕ್ಷಾಂತರ ಎಳೆಗಳನ್ನ ಒಂದೇ ದಿಕ್ಕಿಗೆ ಜೋಡಿಸಿ ಎಪಾಕ್ಸೀಲಿ ಅದ್ದಿ ಫ್ಯಾಕ್ಟರೀಲಿ ಪಟ್ಟಿ ಎಳೀತಾರೆ.

50 ಮಿಲಿಮೀಟರ್ ಅಗಲ, 1.4 ಮಿಲಿಮೀಟರ್ ದಪ್ಪದ ಪಟ್ಟಿ ನೋಡೋಕೆ ಕಪ್ಪು ಪ್ಲಾಸ್ಟಿಕ್ ಸ್ಕೇಲ್ ಥರ ಇರುತ್ತೆ. ಮೀಟರ್ ಉದ್ದಕ್ಕೆ ತೂಕ ಒಂದು ಹಿಡಿ ಕಡಲೆಬೀಜದಷ್ಟು, 110 ಗ್ರಾಂ ಆಸುಪಾಸು. ಲ್ಯಾಬಲ್ಲಿ ಎಳೆದ್ರೆ ಹರಿಯೋದು 20 ಟನ್ ಹತ್ರ. ಅಷ್ಟೇ ಎಳೆತಕ್ಕೆ ನಾವು ಮನೆ ಕಟ್ಟೋಕೆ ಬಳಸೋ 500 ಗ್ರೇಡಿನ ಕಂಬಿ ಬೇಕಂದ್ರೆ ಮೀಟರ್‌ಗೆ 3 ಕೆಜಿ.

ಕೇಳೋಕೆ ಜಾದೂ ಥರ ಇದೆ, ಆದ್ರೆ ಎರಡು ಮಾತು ಸೇರಿಸ್ಲೇಬೇಕು. ಒಂದು, ಪಟ್ಟಿ ಹರಿಯೋದಕ್ಕಿಂತ ಎಷ್ಟೋ ಮೊದ್ಲೇ ಕಾಂಕ್ರೀಟಿಂದ ಕಿತ್ಕೊಂಡು ಬರುತ್ತೆ, ಅದಕ್ಕೆ ಡಿಸೈನಲ್ಲಿ ಅದರ ಪೂರ್ತಿ ಶಕ್ತಿ ಲೆಕ್ಕಕ್ಕೆ ತಗೊಳ್ಳಲ್ಲ. ಎರಡು, ಕಬ್ಬಿಣ ಮುರಿಯೋ ಮುಂಚೆ ಹಿಗ್ಗುತ್ತೆ, ಬಿರುಕು ತೋರ್ಸುತ್ತೆ, ಹೆಚ್ಚು ಕಮ್ಮಿ ಆಗ್ತಿದೆ ಅಂತ ಕೂಗಿ ಹೇಳುತ್ತೆ. ಕಾರ್ಬನ್ ಹಾಗಲ್ಲ, ಕೊನೇ ಕ್ಷಣದ ತನಕ ಸುಮ್ನಿದ್ದು ಟಪ್ ಅಂತ ಹೋಗುತ್ತೆ.

ಗಾಜಿನ ಎಳೆ ಪಟ್ಟಿನೂ ಇದೆ, ಅಗ್ಗ. ಆದ್ರೆ ಯಾವಾಗ್ಲೂ ಭಾರ ಹೊತ್ಕೊಂಡೇ ಇದ್ರೆ ವರ್ಷಾಂತರದಲ್ಲಿ ಸುಸ್ತಾಗುತ್ತೆ. ಅಮೆರಿಕನ್ ಕಾಂಕ್ರೀಟ್ ಇನ್‌ಸ್ಟಿಟ್ಯೂಟ್‌ನ ಮಾರ್ಗಸೂಚೀಲಿ ಸತತ ಭಾರಕ್ಕೆ ಕಾರ್ಬನ್ ಶಕ್ತಿಯ 55 ಪರ್ಸೆಂಟ್ ತನಕ ಬಿಡ್ತಾರೆ, ಗಾಜಿಗೆ ಬರೀ 20.

ಲುಸರ್ನ್‌ನ 6.2 ಕೆಜಿ

ಈ ವಿದ್ಯೆ ಸೇತುವೆಗೆ ಬಂದ ಕಥೆ ನಮ್ಮ ವಿಷಯಕ್ಕೆ ವಿಚಿತ್ರವಾಗಿ ಹತ್ತಿರ. ಸ್ವಿಟ್ಜರ್ಲೆಂಡಿನ ಲುಸರ್ನ್ ಹತ್ರ ಇಬಾಖ್ ಸೇತುವೆ, 1969ರಲ್ಲಿ ಕಟ್ಟಿದ್ದು, 228 ಮೀಟರ್ ಉದ್ದ. ಟ್ರಾಫಿಕ್ ಸಿಗ್ನಲ್ ನಿಲ್ಸೋಕೆ ಅಂತ ಕಾಂಕ್ರೀಟಿಗೆ ತೂತು ಕೊರೆಯೋವಾಗ ಡ್ರಿಲ್ಲು ಹೋಗಿ ಒಳಗಿನ ಬಿಗಿ ಕೇಬಲ್ಲಿನ ತಂತಿಗಳನ್ನೇ ಕತ್ತರಿಸಿಬಿಡ್ತು. ಸೇತುವೆನ ಹಿಡಿದು ನಿಲ್ಸಿರೋ ಕೇಬಲ್ ಅದು. ಅತಿ ಭಾರದ ಸ್ಪೆಷಲ್ ಲಾರಿಗಳಿಗೆ ಅನುಮತಿ ಕೊಡೋದು ನಿಲ್ಸಿದ್ರು.

ಆವಾಗಿನ ಮಾಮೂಲಿ ದಾರಿ ಅಂದ್ರೆ ಕೆಳಗಿಂದ ಕಬ್ಬಿಣದ ಪ್ಲೇಟ್ ಅಂಟಿಸೋದು. ಅದಕ್ಕೆ 175 ಕೆಜಿ ಕಬ್ಬಿಣ ಬೇಕಿತ್ತು, ಕೆಳಗಡೆ ಹೆದ್ದಾರಿ ಬೇರೆ. ಸ್ವಿಸ್ ಸಂಶೋಧನಾ ಸಂಸ್ಥೆ ಎಂಪಾದ ಉರ್ಸ್ ಮೈಯರ್ ತಂಡ 1991ರಲ್ಲಿ ಅದರ ಬದಲು ಬರೀ 6.2 ಕೆಜಿ ಕಾರ್ಬನ್ ಪಟ್ಟಿ ಅಂಟಿಸ್ತು. ಒಂದೊಂದು ಪಟ್ಟಿ 5 ಮೀಟರ್ ಉದ್ದ, 2 ಮಿಲಿಮೀಟರ್ ಮೀರದ ದಪ್ಪ. ಕೆಜಿ ಲೆಕ್ಕದಲ್ಲಿ ಕಾರ್ಬನ್ ಆಗ ಕಬ್ಬಿಣಕ್ಕಿಂತ 50 ಪಟ್ಟು ದುಬಾರಿ, ಆದ್ರೂ ಲಾಭವಾಯ್ತು, ಯಾಕಂದ್ರೆ ಅಟ್ಟಣಿಗೆ ಕಟ್ಟೋದೇ ಬೇಕಾಗ್ಲಿಲ್ಲ, ಎತ್ತೋ ಗಾಡೀಲಿ ನಿಂತು ಕೈಯಲ್ಲೇ ಒತ್ತಿ ಅಂಟಿಸಿದ್ರು. ಆಮೇಲೆ 84 ಟನ್ ಗಾಡಿ ಹತ್ತಿಸಿ ಪರೀಕ್ಷೆ ಮಾಡಿದ್ರು, ನಿಂತ್ಕೊಳ್ತು.

ಈ ಕಥೇಲಿ ನನಗೆ ಮುಖ್ಯ ಅನ್ಸೋದು 6.2 ಕೆಜಿ ಅಲ್ಲ, ಆ ಡ್ರಿಲ್ಲು. ರಸ್ತೆ ಪಕ್ಕ ಒಂದು ಕಂಬ ನಿಲ್ಸೋಕೆ ಹೋಗಿ ಆದ ಅನಾಹುತ ಅದು. ನಾಯ್ಸ್ ಬ್ಯಾರಿಯರ್ ಅಂದ್ರೆ ಎರಡೆರಡು ಮೀಟರ್‌ಗೆ ಒಂದು ಕಂಬ, ಒಂದೊಂದಕ್ಕೆ ನಾಲ್ಕು ತೂತು. ಒಂದು ಕಿಲೋಮೀಟರ್ ಸೇತುವೆಯ ಒಂದು ಪಕ್ಕಕ್ಕೇ ಎರಡು ಸಾವಿರ ತೂತು. ಅದಕ್ಕೆ ಕೊರೆಯೋ ಮುಂಚೆ ರೇಡಾರ್ ಸ್ಕ್ಯಾನ್ ಮಾಡಿ ಕೇಬಲ್ ಎಲ್ಲಿದೆ, ಕಂಬಿ ಎಲ್ಲಿದೆ ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕ್ಲೇಬೇಕು.

ಪಟ್ಟಿ ಮೇಲೆ ಹಾಕ್ಬೇಕು, ಅಲ್ಲೇ ಇರೋದು ಕಷ್ಟ

ಇಬಾಖ್‌ನಲ್ಲಿ ಪಟ್ಟಿ ಕೆಳಗಡೆ ಅಂಟಿಸಿದ್ರು, ಅಲ್ಲಿ ಎಳೆತ ಇದ್ದಿದ್ದು ತೊಲೆ ತಳದಲ್ಲಿ. ನಮ್ಮ ಸಜ್ಜಾ ಅಂಚಿಗೆ ಎಳೆತ ಮೇಲ್ಗಡೆ, ಅಂದ್ರೆ ಪಟ್ಟಿ ಬರ್ಬೇಕಾಗಿರೋದು ಡಾಂಬರಿನ ಕೆಳಗೆ, ಕಾಂಕ್ರೀಟಿನ ಮೇಲೆ. ಕೆಳಗಿಂದ ನಿಧಾನಕ್ಕೆ ಟ್ರಾಫಿಕ್ ನಿಲ್ಸದೆ ಮಾಡ್ತೀವಿ ಅನ್ನೋ ಆಸೆ ಇಲ್ಲಿಗೆ ಮುಗೀತು, ಲೇನ್ ಮುಚ್ಲೇಬೇಕು, ಡಾಂಬರು ಕೆರೀಲೇಬೇಕು.

ಅಲ್ಲೂ ಸುಮ್ನೆ ಮೇಲೆ ಅಂಟಿಸಿದ್ರೆ ಆಮೇಲೆ ಡಾಂಬರು ಹಾಕೋ ಮೆಷಿನ್ನಿನ ಚಕ್ರ, ಮುಂದೊಂದು ದಿನ ಡಾಂಬರು ಕೆರೆಯೋ ಹಲ್ಲು ಎಲ್ಲಾ ಅದನ್ನ ಕಿತ್ತಾಕುತ್ವೆ. ಅದಕ್ಕೆ ಈಗ ಜಾಸ್ತಿ ಬಳಸೋ ದಾರಿ ಕಾಡಿ, ಅಂದ್ರೆ ಉದ್ದನೆ ಸಂದಿ ಕೊರೆದು ಒಳಗೆ ಕೂರಿಸೋದು. ಗೋಡೇಲಿ ವೈರಿಂಗ್ ಪೈಪಿಗೆ ಎಲೆಕ್ಟ್ರಿಷಿಯನ್ ಕಾಡಿ ಹೊಡೀತಾನಲ್ಲ, ಅದೇ, ಸಣ್ಣದಾಗಿ. ಕಾಂಕ್ರೀಟ್ ಕತ್ತರಿಸೋ ಗರಗಸದಲ್ಲಿ ಸುಮಾರು 5 ಮಿಲಿಮೀಟರ್ ಅಗಲ, 20 ಮಿಲಿಮೀಟರ್ ಆಳದ ಗೆರೆ ಎಳೀತಾರೆ, ಹಳೇ ಕಂಬಿ ಇನ್ನೂ ಕೆಳಗಿರೋದ್ರಿಂದ ಅದಕ್ಕೆ ತಾಗಬಾರದು. ಧೂಳು ಊದಿ, ಎಪಾಕ್ಸಿ ತುಂಬಿ, ಕಿರಿದಾದ ಕಾರ್ಬನ್ ಪಟ್ಟೀನ ನೆಟ್ಟಗೆ ಅಂಚಿನ ಮೇಲೆ ನಿಲ್ಸಿ ಒಳಗೆ ಒತ್ತುತಾರೆ. ಮೂರು ಕಡೆ ಅಂಟು ಹಿಡಿಯೋದ್ರಿಂದ ಮೇಲೆ ಬರೀ ಅಂಟಿಸಿದ ಪಟ್ಟಿಗಿಂತ ಇದು ಕಿತ್ತು ಬರೋದು ಕಷ್ಟ, ಕಾರ್ಬನ್ನಿನ ಶಕ್ತಿ ಇನ್ನೂ ಜಾಸ್ತಿ ಕೈಗೆ ಸಿಗುತ್ತೆ.

ಪಟ್ಟಿ ರಸ್ತೆಗೆ ಅಡ್ಡಡ್ಡ ಹೋಗುತ್ತೆ, ಅಂಚಿಂದ ಶುರುವಾಗಿ ಕೊನೇ ತೊಲೆ ದಾಟಿ ಒಳಗೆ. ದಾಟ್ಲೇಬೇಕು. ಸಜ್ಜಾ ಕಂಬಿ ಲಿಂಟಲ್ ಒಳಗೆ ಹೋಗಿ ಹಿಡ್ಕೊಳ್ದೇ ಇದ್ರೆ ಏನು ಪ್ರಯೋಜನ? ಎಳೆಯೋ ಕಡೆ ಎಷ್ಟು ಗಟ್ಟಿಯೋ ಹಿಡ್ಕೊಳ್ಳೋ ಕಡೆನೂ ಅಷ್ಟೇ ಗಟ್ಟಿ ಇರ್ಬೇಕು.

ಇನ್ನೊಂದು ಶತ್ರು ಬಿಸಿ. ಸೈಟಲ್ಲಿ ತನ್ನಷ್ಟಕ್ಕೆ ಗಟ್ಟಿಯಾಗೋ ಎಪಾಕ್ಸಿ ಸಾಮಾನ್ಯವಾಗಿ 50-65 ಡಿಗ್ರಿ ಆಸುಪಾಸಲ್ಲಿ ಮೆತ್ತಗಾಗೋಕೆ ಶುರುವಾಗುತ್ತೆ. ಡಾಂಬರು ಹಾಸೋದು 150 ಡಿಗ್ರಿ ಸುತ್ತಮುತ್ತ. ಒಂದು ದಿನದ ಬಿಸಿ ಅಷ್ಟೆ, ಆಮೇಲೆ ತಣ್ಣಗಾಗುತ್ತೆ, ಆ ಹೊತ್ತಲ್ಲಿ ಗಾಡಿ ಬಿಡದಿದ್ರೆ ನಡೆಯುತ್ತೆ, ಆದ್ರೂ ಪಟ್ಟಿ ಮೇಲೆ ಎಷ್ಟು ಮುಚ್ಚಿಗೆ ಇದೆ ಅನ್ನೋದು ಲೆಕ್ಕಕ್ಕೆ ಬರುತ್ತೆ. ನಮ್ಮ ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಿಗೆ ಕಪ್ಪು ಡಾಂಬರು ಕಾಯೋದು ಗೊತ್ತಲ್ಲ, ಅಂಥ ಕಡೆ ಸ್ವಿಟ್ಜರ್ಲೆಂಡಿನ ಎಪಾಕ್ಸಿ ಲೆಕ್ಕ ಹಾಗೇ ನಕಲು ಹೊಡೆಯೋಕಾಗಲ್ಲ, ಇನ್ನೂ ಬಿಸಿ ತಡೆಯೋ ಅಂಟೋ ಸಿಮೆಂಟ್ ಆಧಾರದ ಗಾರೆಯೋ ನೋಡ್ಬೇಕು.

ಪಂಕ್ಚರ್ ಅಂಗಡಿಯವ್ರು ಮಾಡೋದೂ ಇದನ್ನೇ

ಸೈಕಲ್ ಟ್ಯೂಬಿಗೆ ಪ್ಯಾಚ್ ಹಾಕೋವಾಗ ನೋಡಿದೀರಾ? ಮೊದ್ಲು ಟ್ಯೂಬನ್ನ ಉಜ್ಜಿ ಉಜ್ಜಿ ಒರಟು ಮಾಡ್ತಾರೆ, ಸೊಲ್ಯೂಷನ್ ಹಚ್ಚಿ ಸ್ವಲ್ಪ ಕಾಯ್ತಾರೆ, ಆಮೇಲೆ ಪ್ಯಾಚ್ ಇಟ್ಟು ಕುಟ್ತಾರೆ. ಪ್ಯಾಚ್ ಎಷ್ಟೇ ಒಳ್ಳೇ ಕಂಪನಿದಾದ್ರೂ ಉಜ್ಜದೇ ಇದ್ರೆ ನಿಲ್ಲಲ್ಲ. ಕಾರ್ಬನ್ ಪಟ್ಟೀನೂ ಹಾಗೇ. ಕಾಂಕ್ರೀಟ್ ಮೇಲಿನ ಸಿಮೆಂಟ್ ಹಾಲಿನ ಪದರ ಹೋಗ್ಬೇಕು, ಎಣ್ಣೆ, ಪಸೆ ಇರಬಾರದು. ಮೇಲ್ಮೈಗೆ ಅಂಟಿಸೋ ಪಟ್ಟಿಗಾದ್ರೆ ಒಂದು ಸಣ್ಣ ಲೋಹದ ಬಿಲ್ಲೆ ಅಂಟಿಸಿ ಎಳೆದು ನೋಡೋ ಪರೀಕ್ಷೆ ಇದೆ, ಚದರ ಸೆಂಟಿಮೀಟರ್‌ಗೆ ಕಮ್ಮಿ ಅಂದ್ರೂ 14-15 ಕೆಜಿ ಎಳೆತ ಕಾಂಕ್ರೀಟ್ ತಡೀಬೇಕು. ತಡೀದಿದ್ರೆ ಪಟ್ಟಿ ಮಾತೇ ಬೇಡ, ಕಾಂಕ್ರೀಟಿಗೇ ಮೊದ್ಲು ಚಿಕಿತ್ಸೆ ಆಗ್ಬೇಕು.

ಅಂಟಾದ್ಮೇಲೆ ಎಪಾಕ್ಸಿ ಪೂರ್ತಿ ಗಟ್ಟಿಯಾಗೋಕೆ ನಮ್ಮ ಹವೆಯಲ್ಲಿ ಒಂದು ವಾರ ಇಟ್ಕೊಳ್ಳಿ. ಮಳೆಗಾಲದಲ್ಲಿ ಈ ಕೆಲ್ಸ ಹಿಡಿಯೋದು ಸುಮ್ನೆ ತಂಟೆ.

ಕಾರ್ಬನ್ ವಿದ್ಯುತ್ ಹರಿಸೋ ವಸ್ತು ಅನ್ನೋದನ್ನೂ ಮರೀಬಾರದು. ಒದ್ದೆ ಇದ್ದಾಗ ಕಬ್ಬಿಣಕ್ಕೆ ನೇರ ತಾಗಿದ್ರೆ ಬ್ಯಾಟರಿ ಥರ ಆಗಿ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತೆ. ಬ್ಯಾರಿಯರ್ ಕಂಬದ ಬುಡದ ಕಬ್ಬಿಣದ ಹಲಗೆ (ಬೇಸ್ ಪ್ಲೇಟ್) ಹತ್ರ ಪಟ್ಟಿ ಹಾಯೋ ಕಡೆ ಮಧ್ಯೆ ಗಾಜಿನ ಎಳೆ ಪದರ ಅಥವಾ ಎಪಾಕ್ಸಿ ಕಡ್ಡಾಯ.

ಅಂಟಿಸೋದು ಬೇಡ, ಹೊದಿಸೋಣ: ಶಿಯೋಂ

ಇನ್ನೊಂದು ಬಗೆ ಕಾಂಪೋಸಿಟ್ ಇದೆ, ಇದೂ ಸ್ವಿಸ್ಸೇ. ಜಿನೀವಾ ಸರೋವರದ ದಂಡೆಯಲ್ಲಿ ಮಾಂತ್ರೂ ಹತ್ರ ಶಿಯೋಂ ವಯಡಕ್ಟ್ ಅಂತ ಎರಡು ಸೇತುವೆ ಜೋಡಿ ಬೆಟ್ಟದ ಮೈಗೆ ಅಂಟ್ಕೊಂಡು ಹೋಗುತ್ತೆ, ಎರಡು ಕಿಲೋಮೀಟರಿಗೂ ಉದ್ದ, 1960ರ ದಶಕದ ಕೊನೇಲಿ ಕಟ್ಟಿದ್ದು. ಅದರ ಕಾಂಕ್ರೀಟಿನ ಜಲ್ಲಿಕಲ್ಲೇ ಸಿಮೆಂಟ್ ಜೊತೆ ನಿಧಾನಕ್ಕೆ ರಾಸಾಯನಿಕ ಕ್ರಿಯೆ ನಡೆಸಿ ಕಾಂಕ್ರೀಟನ್ನ ಸೊರಗಿಸ್ತಿತ್ತು. 2014 ಮತ್ತು 2015ರಲ್ಲಿ ಡೆಕ್ಕಿನ ಮೇಲೆ ಪೂರ್ತಿ ಬರೀ 40 ಮಿಲಿಮೀಟರ್ ದಪ್ಪದ ವಿಶೇಷ ಕಾಂಕ್ರೀಟ್ ಪದರ ಹೊದಿಸಿದ್ರು. ಸಣ್ಣ ಸಣ್ಣ ಉಕ್ಕಿನ ಎಳೆಗಳನ್ನ ಒತ್ತೊತ್ತಾಗಿ ಬೆರೆಸಿದ ಗಾರೆ ಅದು, ಒಳಗೆ ಕಂಬಿನೂ ಇಡಬಹುದು, ಮಾಮೂಲಿ ಕಾಂಕ್ರೀಟಿನ ಥರ ಎಳೆದ್ರೆ ಬಿಸ್ಕೆಟ್ಟಾಗಲ್ಲ, ನೀರೂ ಇಳಿಯಲ್ಲ.

ಅಲ್ಲಿ ಮಾಡಿದ್ದು ನಾಯ್ಸ್ ಬ್ಯಾರಿಯರ್‌ಗೋಸ್ಕರ ಅಲ್ಲ. ಆದ್ರೆ ಸಜ್ಜಾ ಥರ ಚಾಚಿದ ಡೆಕ್ಕಿನ ಮೇಲ್ಗಡೆ ಎಳೆತಕ್ಕೆ ಹೊಸ ಪದರ ಕೊಡೋದು ಅನ್ನೋ ತತ್ವ ನಮಗೆ ಬೇಕಾಗಿರೋದೇ, ಬಿಸಿ ಡಾಂಬರಿಗೂ ಇದು ಹೆದರಲ್ಲ. ತೊಂದರೆ ಅಂದ್ರೆ 40 ಮಿಲಿಮೀಟರ್ ಅಂದ್ರೂ ಚದರ ಮೀಟರ್‌ಗೆ 100 ಕೆಜಿ ಹೊಸ ಭಾರ. ಹಳೇ ಡಾಂಬರು ಪದರ ಸ್ವಲ್ಪ ತೆಳು ಮಾಡಿ ಸರಿದೂಗಿಸ್ಬೇಕಾಗುತ್ತೆ.

ಪಟ್ಟಿ ಗೆದ್ರೂ ಬೋಲ್ಟ್ ಸೋತ್ರೆ

ಲೆಕ್ಕಕ್ಕೆ ವಾಪಸ್ ಬನ್ನಿ. ಮೀಟರ್‌ಗೆ 240 ಕೆಜಿ, ಕಂಬ ಎರಡು ಮೀಟರ್‌ಗೊಂದು, ಅಂದ್ರೆ ಒಂದು ಕಂಬಕ್ಕೆ 480 ಕೆಜಿ, ಅದೂ ಒಂದೂವರೆ ಮೀಟರ್ ಮೇಲೆ. ಬುಡದಲ್ಲಿ ಬೋಲ್ಟ್ ಸಾಲುಗಳ ನಡುವೆ ಅಂತರ 20 ಸೆಂಟಿಮೀಟರ್ ಇದ್ರೆ ಒಂದು ಸಾಲನ್ನ ಮೇಲಕ್ಕೆ ಕೀಳೋ ಬಲ ಮೂರೂವರೆ ಟನ್ ದಾಟುತ್ತೆ. ಇನ್ನೂ ಸುರಕ್ಷತೆಗೆ ಅಂತ ಕೋಡ್ ಹೇಳೋ ಗುಣಕ ಸೇರಿಸೇ ಇಲ್ಲ.

ಇದು ಡೆಕ್ಕಿನ ಒಂದು ಅಂಗೈ ಜಾಗದಲ್ಲಿ ಬೀಳುತ್ತೆ. ಹಳೇ ಕ್ರ್ಯಾಶ್ ಬ್ಯಾರಿಯರ್ ತಲೆ ಮೇಲೆ ಕಂಬ ಕೂರಿಸಿದ್ರೆ ಮೊದ್ಲು ಅದು ಬಿರಿಯುತ್ತಾ ನೋಡ್ಬೇಕು, ಜೊತೆಗೆ ಗಾಡಿ ಗುದ್ದಿದ ದಿನ ಶೀಟ್ ಚೂರು ಕೆಳಗಿನ ರಸ್ತೆಗೆ ಬೀಳದ ಹಾಗೆ ತಂತಿ ಕಟ್ಬೇಕು. ಕೆಲವು ಕಡೆ ಇದೆಲ್ಲ ತಪ್ಪಿಸೋಕೆ ಕಂಬನ ಡೆಕ್ಕಿಗೆ ಕೂರಿಸೋದೇ ಇಲ್ಲ, ಹೊರಗಡೆಯಿಂದ ಬ್ರಾಕೆಟ್ ಕೊಟ್ಟು ನೇರ ತೊಲೆಗೇ ಕಟ್ತಾರೆ. ತೊಲೆ ಬಲವಾಗಿದ್ದು ಪಕ್ಕದಲ್ಲಿ ಜಾಗ ಇದ್ರೆ ನನ್ನ ಮಟ್ಟಿಗೆ ಇದೇ ಜಾಣತನ, ಡಾಂಬರು ಮುಟ್ಟೋದೇ ಬೇಡ.

ಯಾವಾಗ ಪಟ್ಟಿ ಮಾತೇ ಎತ್ತಬಾರದು

ಕಾರ್ಬನ್ ಪಟ್ಟಿ ಅನ್ನೋದು ಆರೋಗ್ಯವಾಗಿರೋ ಸೇತುವೆಗೆ ಹೆಚ್ಚುವರಿ ಕೆಲ್ಸ ಕೊಡೋವಾಗಿನ ಟಾನಿಕ್, ಕಾಯಿಲೆಗೆ ಮದ್ದಲ್ಲ. ಒಳಗಿನ ಕಂಬಿ ತುಕ್ಕು ಹಿಡಿದು ಊದ್ಕೊಂಡಿದ್ರೆ ಕಾಂಕ್ರೀಟ್ ಪದರ ಪದರವಾಗಿ ಏಳುತ್ತೆ, ಅದರ ಜೊತೆ ಪಟ್ಟೀನೂ ಏಳುತ್ತೆ. ತುಮಕೂರು ರಸ್ತೆಯ ಪೀಣ್ಯ ಫ್ಲೈಓವರ್ ನೆನಪಿದೆಯಲ್ಲ, 2021ರ ಡಿಸೆಂಬರಲ್ಲಿ ಕೇಬಲ್ ತೊಂದರೆ ಕಂಡು ಮುಚ್ಚಿದ್ದು, ಸಣ್ಣ ಗಾಡಿಗಳಿಗೆ 2022ರ ಫೆಬ್ರವರೀಲಿ ಬಿಟ್ರು, ಭಾರಿ ವಾಹನಕ್ಕೆ 2024ರಲ್ಲಿ. ಅದೂ 2010ರ ಸುಮಾರಿಗೆ ಶುರುವಾದ ಫ್ಲೈಓವರ್, ಹಳೇದೇನಲ್ಲ. ಅಲ್ಲಿ ಬೇಕಾಗಿದ್ದು ಕೇಬಲ್, ಪಟ್ಟಿ ಅಲ್ಲ. ಹೊರಗಿಂದ ನೋಡಿದ್ರೆ ಒಳಗಿನ ಸ್ಥಿತಿ ಗೊತ್ತಾಗಲ್ಲ ಅನ್ನೋದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ.

ಇದರ ಮೇಲೆ ಎಲ್ಲಾ ಕಡೆ ಪಾಲಿಸೋ ಒಂದು ನಿಯಮ ಇದೆ, ಬೆಂಕಿಯಿಂದಲೋ ಅಪಘಾತದಿಂದಲೋ ನಾಳೆ ಪಟ್ಟಿ ಪೂರ್ತಿ ಕಿತ್ತು ಹೋದ್ರೂ ಸೇತುವೆ ತನ್ನ ಹಳೇ ಕಂಬಿಯಿಂದಾನೇ ಬೀಳದೆ ನಿಲ್ಬೇಕು. ಹಾಗೆ ನಿಲ್ಲದಷ್ಟು ಕೊರತೆ ಇದ್ರೆ ಪಟ್ಟಿ ಅಂಟಿಸೋದು ತೇಪೆ ಹಾಕಿದ ಹಾಗೆ.

ಜಾಯಿಂಟಿನ ಧಡಕ್ ಧಡಕ್‌ಗೂ ಈ ಗೋಡೆ ಪೂರ್ತಿ ಮದ್ದಲ್ಲ. ಅದರಲ್ಲಿ ಎಷ್ಟೋ ಪಾಲು ಜಾಯಿಂಟಿನ ಸಂದಿಯಿಂದ ಕೆಳಗೆ ಬರುತ್ತೆ, ಗೋಡೆ ಇರೋದು ಮೇಲೆ. ಜಾಯಿಂಟ್ ಬದಲಾಯಿಸೋದು, ವೇಗ ಇಳಿಸೋದು, ರಸ್ತೆ ಮೇಲ್ಮೈ ನುಣುಪು ಮಾಡೋದು ಎಷ್ಟೋ ಸಲ ಮೊದ್ಲು ಮಾಡ್ಬೇಕಾದ ಅಗ್ಗದ ಕೆಲ್ಸ.

ಹಾಕಾದ್ಮೇಲೆ ನೋಡ್ಕೊಳ್ಳೋದು

ಸೇತುವೆ ತಳದಲ್ಲಿ ಅಂಟಿಸಿದ ಪಟ್ಟೀನ ಸಣ್ಣ ಸುತ್ತಿಗೇಲಿ ತಟ್ಟಿ ನೋಡ್ತಾರೆ, ಹಲಸಿನಹಣ್ಣು ತಟ್ಟಿ ನೋಡೋ ಹಾಗೆ. ಚೆನ್ನಾಗಿ ಹಿಡಿದಿದ್ರೆ ಟಣ್ ಅಂತ ಬಿಗಿ ಸದ್ದು, ಒಳಗೆ ಬಿಟ್ಕೊಂಡಿದ್ರೆ ಡಬ್ ಅಂತ ಪೊಳ್ಳು ಸದ್ದು. ಡೆಕ್ಕಿನ ಮೇಲೆ ಕಾಡಿ ಒಳಗೆ ಕೂತ ಪಟ್ಟಿ ಮೇಲೆ ಡಾಂಬರು ಬಂದಿರುತ್ತೆ, ತಟ್ಟೋಕಾಗಲ್ಲ. ಹಾಗಾಗಿ ಪಕ್ಕದಿಂದ ನೋಡೋ ಗುರುತುಗಳೇ ಗತಿ: ಕಂಬಗಳ ಸಾಲಲ್ಲಿ ಒಂದು ಮಾತ್ರ ಹೊರಕ್ಕೆ ವಾಲಿದೆಯಾ, ಬೇಸ್ ಪ್ಲೇಟ್ ಸುತ್ತ ತುಕ್ಕಿನ ನೀರು ಇಳಿದ ಗುರುತಿದೆಯಾ, ಡೆಕ್ಕಿನ ಅಂಚಿನ ಕೆಳಗೆ ತೊಟ್ಟಿಕ್ಕಿ ಬಿಳಿ ಗೆರೆ ಬಿದ್ದಿದೆಯಾ, ಜೋರು ಗಾಳಿ ಬಂದ ದಿನ ಶೀಟು ಗಡಗಡ ಅನ್ನುತ್ತಾ. ಇದನ್ನ ನೋಡೋಕೆ ಎಂಜಿನಿಯರೇ ಆಗ್ಬೇಕಂತಿಲ್ಲ, ಎರಡನೇ ಮಹಡಿ ಕಿಟಕೀಲಿ ನಿಂತೋರಿಗೆ ಅಧಿಕಾರಿಗಳಿಗಿಂತ ಚೆನ್ನಾಗಿ ಕಾಣುತ್ತೆ.